ಲೋಡ್ ಬ್ಯಾಲೆನ್ಸರ್ ಹೊರುವ ಭಾರ: ಎಸ್‌ಎನ್‌ಎಂಪಿ ಕೌಂಟರ್‌ಗಳಿಂದ ಬ್ಯಾಂಡ್‌ವಿಡ್ತ್ ಅಳೆಯುವ ಬಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನ ಲಕ್ಷಾಂತರ ಮಕ್ಕಳು, ಹೆತ್ತವರು ಕೆಲವೇ ನಿಮಿಷಗಳೊಳಗೆ ಒಂದೇ ಜಾಲತಾಣಕ್ಕೆ ಮುಗಿಬೀಳುತ್ತಾರೆ. ತತ್ಕಾಲ್ ಟಿಕೆಟ್ ತೆರೆಯುವ ಹೊತ್ತಿಗೂ ಇದೇ ಪರಿಸ್ಥಿತಿ. ಇಂಥ ನೂಕುನುಗ್ಗಲನ್ನು ಒಂಟಿ ಸರ್ವರ್ ತಾಳಲಾರದು. ಅದಕ್ಕೆಂದೇ ಹಲವು ಸರ್ವರ್‌ಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಮುಂದೆ ಲೋಡ್ ಬ್ಯಾಲೆನ್ಸರ್ ಎಂಬ ಸಾಧನವನ್ನು ಇಡುತ್ತಾರೆ. ಹೊರಗಿನಿಂದ ಬಂದ ಕೋರಿಕೆ ಮೊದಲು ತಲುಪುವುದು ಅದನ್ನು. ಯಾವ ಸರ್ವರ್‌ಗೆ ಬಿಡುವಿದೆಯೋ ಅತ್ತ ಕಳಿಸುವುದು ಅದರ ಕೆಲಸ. ಜಾಲ ನಿಧಾನವಾದಾಗ ಎಲ್ಲರ ಕಣ್ಣು ಇದರ ಮೇಲೇ ಬೀಳುತ್ತದೆ: ಈಗ ಇದರ ಮೂಲಕ ಎಷ್ಟು ಹರಿಯುತ್ತಿದೆ, ಇನ್ನೆಷ್ಟು ತಾಳೀತು?

ಈ ಪ್ರಶ್ನೆಗೆ ಉತ್ತರ ಪಡೆಯುವ ಹಳೆಯ ದಾರಿ, ಇಂದಿಗೂ ಹೆಚ್ಚುಕಡಿಮೆ ಎಲ್ಲ ಡೇಟಾ ಸೆಂಟರ್‌ಗಳಲ್ಲಿ ಬಳಕೆಯಲ್ಲಿರುವ ದಾರಿ, ಎಸ್‌ಎನ್‌ಎಂಪಿ. ಸಾಧನದೊಳಗಿನ ಕೌಂಟರ್‌ಗಳನ್ನು ದೂರದಿಂದಲೇ ಓದುವ ವಿಧಾನವಿದು. ಸಾಮಾನ್ಯ ಸ್ವಿಚ್ಚಿನ ಮಟ್ಟಿಗೆ ಕೆಲಸ ಸುಲಭ. ಲೋಡ್ ಬ್ಯಾಲೆನ್ಸರ್ ವಿಷಯ ಹಾಗಲ್ಲ. ಅಲ್ಲಿ ಒಂದೇ ಬೈಟು ಎರಡು ಸಲ ಎಣಿಕೆಯಾಗಬಹುದು, ಒಮ್ಮೆಯೂ ಎಣಿಕೆಯಾಗದೆಯೂ ಹೋಗಬಹುದು. ಕೌಂಟರ್ ಹೇಳುವುದು ನಿಜವೇ. ಅದು ಎಲ್ಲಿ ನಿಂತು ಎಣಿಸುತ್ತಿದೆ ಎಂಬುದನ್ನು ಅರಿಯದೆ ಓದಿದರೆ ನಮ್ಮ ತೀರ್ಮಾನ ತಪ್ಪುತ್ತದೆ.

ಎಸ್‌ಎನ್‌ಎಂಪಿ ಬಂದ ಬಗೆ

1987ರಲ್ಲಿ ಗೇಟ್‌ವೇಗಳ ಮೇಲೆ ಕಣ್ಣಿಡಲು ಎಸ್‌ಜಿಎಂಪಿ ಎಂಬ ಸರಳ ನಿಯಮಾವಳಿ ರೂಪುಗೊಂಡಿತು. ಅದನ್ನೇ ಬೆಳೆಸಿ ಜೆಫ್ರಿ ಕೇಸ್, ಮಾರ್ಕ್ ಫೆಡೋರ್, ಮಾರ್ಟಿನ್ ಶಾಫ್‌ಸ್ಟಾಲ್ ಮತ್ತು ಜೇಮ್ಸ್ ಡೇವಿನ್ 1988ರಲ್ಲಿ ಎಸ್‌ಎನ್‌ಎಂಪಿಯ ಮೊದಲ ಕರಡನ್ನು ಪ್ರಕಟಿಸಿದರು. 1990ರ ಆರ್‌ಎಫ್‌ಸಿ 1157 ಅದರ ಮೊದಲ ಆವೃತ್ತಿಗೆ ನೆಲೆಯಾಯಿತು. ಮೇಲ್ವಿಚಾರಣಾ ಗಣಕ ಯುಡಿಪಿ 161ನೇ ಪೋರ್ಟಿಗೆ ಪ್ರಶ್ನೆ ಕಳಿಸುತ್ತದೆ. ಸಾಧನದೊಳಗಿನ ಏಜೆಂಟ್ ಉತ್ತರಿಸುತ್ತದೆ. ಯಾವ ಮಾಹಿತಿ ಬೇಕೆಂದು ಹೇಳಲು ಚುಕ್ಕಿಗಳಿಂದ ಬೇರ್ಪಡಿಸಿದ ಅಂಕಿಗಳ ಸಾಲನ್ನು ಬಳಸುತ್ತಾರೆ. ಇದಕ್ಕೆ ಓಐಡಿ ಎಂದು ಹೆಸರು. ಉದಾಹರಣೆಗೆ 1.3.6.1.2.1.2.2.1.10 ಎಂದರೆ ಇಂಟರ್‌ಫೇಸಿನ ಒಳಕ್ಕೆ ಬಂದ ಆಕ್ಟೆಟ್‌ಗಳು, ಅಂದರೆ ಬೈಟುಗಳು. ಕೊನೆಯ 10ರ ಜಾಗದಲ್ಲಿ 16 ಇಟ್ಟರೆ ಹೊರಕ್ಕೆ ಹೋದದ್ದು.

ಈ ಅಂಕಿಗಳನ್ನು ಗ್ರಾಫಾಗಿ ನೋಡುವ ಅಭ್ಯಾಸ ಜನಪ್ರಿಯವಾದದ್ದು ಟೋಬಿ ಓಟಿಕರ್ ಬರೆದ ಎಂಆರ್‌ಟಿಜಿಯಿಂದ. 1994ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿದ್ದ ಆತನ ಮುಂದೆ ಇದ್ದದ್ದು ಹೊರಜಗತ್ತಿಗೆ ಒಂದೇ ಒಂದು 64 ಕಿಲೋಬಿಟ್ ಕೊಂಡಿ. ಅದು ಎಷ್ಟು ತುಂಬಿದೆ ಎಂಬ ಕುತೂಹಲ ಎಲ್ಲರಿಗೂ ಇತ್ತು. ಆ ಕುತೂಹಲಕ್ಕಾಗಿ ಬರೆದ ಪ್ರೋಗ್ರಾಮು ಪ್ರಪಂಚದ ಉದ್ದಗಲಕ್ಕೂ ಹಬ್ಬಿತು. 5 ನಿಮಿಷಕ್ಕೊಮ್ಮೆ ಕೌಂಟರ್ ಓದುವ ರೂಢಿ ಇಂದಿಗೂ ಉಳಿದಿರುವುದರಲ್ಲಿ ಅದರ ಪಾಲು ದೊಡ್ಡದು.

ಎರಡು ರೀಡಿಂಗ್, ಒಂದು ವ್ಯತ್ಯಾಸ

ಎಸ್‌ಎನ್‌ಎಂಪಿ ಕೌಂಟರ್ ವೇಗವನ್ನು ಹೇಳುವುದಿಲ್ಲ. ಮನೆಯ ಕರೆಂಟ್ ಮೀಟರಿನಂತೆ ಮೇಲಕ್ಕೇರುತ್ತ ಹೋಗುವುದಷ್ಟೇ ಅದಕ್ಕೆ ಗೊತ್ತು. ಹೋದ ತಿಂಗಳ ರೀಡಿಂಗನ್ನು ಈ ತಿಂಗಳಿನದರಿಂದ ಕಳೆದು ಬಿಲ್ ಬರೆಯುವಂತೆ ಇಲ್ಲಿಯೂ ಎರಡು ರೀಡಿಂಗ್ ಬೇಕು. ವ್ಯತ್ಯಾಸವನ್ನು 8ರಿಂದ ಗುಣಿಸಿ ಬಿಟ್ ಮಾಡಿಕೊಳ್ಳಬೇಕು, ನಡುವೆ ಕಳೆದ ಸೆಕೆಂಡುಗಳಿಂದ ಭಾಗಿಸಬೇಕು.

5 ನಿಮಿಷದ ಅಂತರದಲ್ಲಿ ಕೌಂಟರ್ 1,125 ಕೋಟಿ ಆಕ್ಟೆಟ್‌ನಷ್ಟು ಏರಿದೆ ಎನ್ನೋಣ. ಎಂಟರಿಂದ ಗುಣಿಸಿದರೆ 9,000 ಕೋಟಿ ಬಿಟ್. 300 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 30 ಕೋಟಿ ಬಿಟ್, ಅಂದರೆ 300 ಮೆಗಾಬಿಟ್. ಇಲ್ಲಿ ಭಾಜಕವಾಗಿ ಬಳಸಬೇಕಾದದ್ದು ನಿಜವಾಗಿ ಕಳೆದ ಸಮಯವನ್ನು. ಮೇಲ್ವಿಚಾರಣಾ ಗಣಕಕ್ಕೆ ಕೆಲಸ ಹೆಚ್ಚಿದ್ದು 300ರ ಬದಲು 330ನೇ ಸೆಕೆಂಡಿನಲ್ಲಿ ಓದಿದ್ದರೆ, ಕುರುಡಾಗಿ 300ರಿಂದ ಭಾಗಿಸಿದಾಗ ಶೇ. 10ರಷ್ಟು ಸುಳ್ಳು ಏರಿಕೆ ಕಾಣಿಸುತ್ತದೆ. ಅದಕ್ಕಾಗಿ ಕೌಂಟರಿನ ಜೊತೆಗೇ ಸಾಧನದ ಸಿಸ್‌ಅಪ್‌ಟೈಮ್ ಕೂಡ ಒಂದೇ ಪ್ರಶ್ನೆಯಲ್ಲಿ ಕೇಳುವುದು ಒಳ್ಳೆಯದು. ಅದು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಸಮಯ ಕೊಡುತ್ತದೆ. ಏಜೆಂಟ್ ನಡುವೆ ಮರುಚಾಲನೆಯಾಗಿದ್ದರೆ ಆ ಸಂಗತಿಯೂ ಅದರಿಂದಲೇ ತಿಳಿಯುತ್ತದೆ. ಮರುಚಾಲನೆಯಿಲ್ಲದೆಯೂ ಇದು ಸುಮಾರು 497 ದಿನಗಳಿಗೊಮ್ಮೆ ಸೊನ್ನೆಗೆ ಮರಳುತ್ತದೆ ಎಂಬುದು ನೆನಪಿರಲಿ.

32 ಬಿಟ್‌ನ ಬಲೆ

ಮೊದಲ ತಲೆಮಾರಿನ ಕೌಂಟರ್‌ಗಳು 32 ಬಿಟ್‌ನವು. 4,29,49,67,296 ತಲುಪುವ ಹೊತ್ತಿಗೆ ಸೊನ್ನೆಗೆ ಹೊರಳುತ್ತವೆ. 10 ಮೆಗಾಬಿಟ್ ಈಥರ್ನೆಟ್ ಇದ್ದ ಕಾಲದಲ್ಲಿ ಒಂದು ಸುತ್ತಿಗೆ 57 ನಿಮಿಷ ಬೇಕಿತ್ತು; ತೊಂದರೆಯಿರಲಿಲ್ಲ. 100 ಮೆಗಾಬಿಟ್‌ಗೆ ಅದು 5.7 ನಿಮಿಷಕ್ಕಿಳಿಯಿತು. ಗಿಗಾಬಿಟ್‌ನಲ್ಲಿ 34 ಸೆಕೆಂಡು, 10 ಗಿಗಾಬಿಟ್‌ನಲ್ಲಿ 3.4 ಸೆಕೆಂಡು.

ಮೇಲಿನ ಉದಾಹರಣೆಯನ್ನೇ 32 ಬಿಟ್ ಕೌಂಟರಿನಲ್ಲಿ ಓದಿದರೆ ಏನಾಗುತ್ತದೆ ನೋಡಿ. 1,125 ಕೋಟಿಯಲ್ಲಿ ಎರಡು ಪೂರ್ತಿ ಸುತ್ತುಗಳು ಕಣ್ಮರೆಯಾಗುತ್ತವೆ. ಉಳಿದ 266 ಕೋಟಿ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. 300 ಮೆಗಾಬಿಟ್‌ನ ಬದಲು ಗ್ರಾಫ್ ತೋರಿಸುವುದು 71 ಮೆಗಾಬಿಟ್. ಯಾವ ಎಚ್ಚರಿಕೆಯೂ ಬರುವುದಿಲ್ಲ, ಗೆರೆ ನಯವಾಗಿಯೇ ಇರುತ್ತದೆ, ಆದ್ದರಿಂದಲೇ ಇದು ಅಪಾಯಕಾರಿ. 5 ನಿಮಿಷಕ್ಕೊಮ್ಮೆ ಓದುವ 32 ಬಿಟ್ ಕೌಂಟರ್ ಸುಮಾರು 114 ಮೆಗಾಬಿಟ್‌ಗಿಂತ ಹೆಚ್ಚಿನ ವೇಗವನ್ನು ತೋರಿಸಲು ಸಾಧ್ಯವೇ ಇಲ್ಲ. ಗಿಗಾಬಿಟ್ ಕೊಂಡಿಯ ಗ್ರಾಫ್ ಎಂದೂ 114 ದಾಟದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೌಂಟರಿನ ಅಗಲವನ್ನು.

ಪರಿಹಾರವಾಗಿ 64 ಬಿಟ್ ಕೌಂಟರ್‌ಗಳು ಬಂದವು. ಒಳಬರುವುದಕ್ಕೆ ಇಫ್‌ಎಚ್‌ಸಿಇನ್‌ಆಕ್ಟೆಟ್ಸ್, ಅಂದರೆ 1.3.6.1.2.1.31.1.1.1.6, ಹೊರಹೋಗುವುದಕ್ಕೆ ಅದೇ ಸಾಲಿನ 10. ಸೆಕೆಂಡಿಗೆ 1 ಟೆರಾಬಿಟ್ ಎಡೆಬಿಡದೆ ಹರಿದರೂ ಇವು ಒಂದು ಸುತ್ತು ಮುಗಿಸಲು ನಾಲ್ಕೂವರೆ ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ. ಆದರೆ ಎಸ್‌ಎನ್‌ಎಂಪಿ ಮೊದಲ ಆವೃತ್ತಿಗೆ 64 ಬಿಟ್ ಅಂಕಿಯನ್ನು ಸಾಗಿಸುವ ಶಕ್ತಿಯಿಲ್ಲ. ಎರಡನೆಯ ಆವೃತ್ತಿಯೋ ಮೂರನೆಯದೋ ಬೇಕೇ ಬೇಕು. ಹಳೆಯ ಸೆಟ್ಟಿಂಗ್ ಹಾಗೇ ಉಳಿದು ಹೊಸ ಸಾಧನವೂ ಮೊದಲ ಆವೃತ್ತಿಯಲ್ಲೇ ಓದಲ್ಪಡುತ್ತಿರುವುದು ಅಪರೂಪವೇನಲ್ಲ.

ಒಂದೇ ಬೈಟು, ಹಲವು ಲೆಕ್ಕ

ಇಲ್ಲಿಯವರೆಗಿನದು ಯಾವುದೇ ನೆಟ್‌ವರ್ಕ್ ಸಾಧನಕ್ಕೂ ಹೊಂದುವ ಮಾತು. ಲೋಡ್ ಬ್ಯಾಲೆನ್ಸರಿಗೇ ವಿಶಿಷ್ಟವಾದ ತೊಡಕು ಇಲ್ಲಿಂದ ಶುರು.

ಎರಡು ಕೈಗಳ ಜೋಡಣೆಯನ್ನು ಮೊದಲು ನೋಡೋಣ. ಒಂದು ಇಂಟರ್‌ಫೇಸ್ ಬಳಕೆದಾರರ ಕಡೆಗೆ, ಇನ್ನೊಂದು ಸರ್ವರ್‌ಗಳ ಕಡೆಗೆ. ಸರ್ವರ್ ಕಳಿಸಿದ ಪುಟ ಸರ್ವರ್ ಕಡೆಯ ಇಂಟರ್‌ಫೇಸಿನಲ್ಲಿ 'ಒಳಕ್ಕೆ' ಎಂದೂ ಬಳಕೆದಾರರ ಕಡೆಯದರಲ್ಲಿ 'ಹೊರಕ್ಕೆ' ಎಂದೂ ದಾಖಲಾಗುತ್ತದೆ. ಎಲ್ಲ ಇಂಟರ್‌ಫೇಸುಗಳನ್ನು ಕೂಡಿಸಿ 'ಒಟ್ಟು ಬ್ಯಾಂಡ್‌ವಿಡ್ತ್' ಎಂದು ಬರೆದರೆ ನಿಜಕ್ಕಿಂತ ದುಪ್ಪಟ್ಟು. ಇದರ ಮೇಲೆ ಭೌತಿಕ ಪೋರ್ಟುಗಳನ್ನು ಸೇರಿಸಿ ಕಟ್ಟಿದ ಟ್ರಂಕ್, ಅದರೊಳಗಿನ ವಿಲ್ಯಾನ್‌ಗಳು ಸಹ ಇಂಟರ್‌ಫೇಸ್ ಪಟ್ಟಿಯಲ್ಲಿ ಬೇರೆ ಬೇರೆ ಸಾಲುಗಳಾಗಿ ಕಾಣಿಸಿಕೊಂಡರೆ ಅದೇ ಬೈಟು ಮೂರು, ನಾಲ್ಕು ಕಡೆ ಎಣಿಕೆಯಾಗುತ್ತದೆ. ಒಂದು ಪದರವನ್ನು ಮಾತ್ರ ಆರಿಸಿ, ಒಂದು ಬದಿಯನ್ನು ಮಾತ್ರ ಆರಿಸಿ ಲೆಕ್ಕ ಹಾಕಬೇಕು.

ಎರಡೂ ಬದಿಯ ಅಂಕಿಗಳು ಸಮವಾಗಿರಲೇಬೇಕೆಂದಿಲ್ಲ. ಲೋಡ್ ಬ್ಯಾಲೆನ್ಸರ್ ಪುಟಗಳನ್ನು ಕುಗ್ಗಿಸಿ ಕಳಿಸುತ್ತಿದ್ದರೆ, ಇಲ್ಲವೆ ಚಿತ್ರಗಳನ್ನು ತನ್ನಲ್ಲೇ ಕ್ಯಾಶ್ ಮಾಡಿಕೊಂಡು ಕೊಡುತ್ತಿದ್ದರೆ, ಸರ್ವರ್ ಬದಿಗೂ ಬಳಕೆದಾರರ ಬದಿಗೂ ದೊಡ್ಡ ಅಂತರ ಕಾಣುತ್ತದೆ. ಟಿಎಲ್‌ಎಸ್ ಗೂಢಲಿಪಿಯನ್ನು ಅದೇ ಬಿಡಿಸುತ್ತಿದ್ದರೆ ಹ್ಯಾಂಡ್‌ಶೇಕ್‌ನ ಬೈಟುಗಳು ಬಳಕೆದಾರರ ಬದಿಯಲ್ಲಿ ಮಾತ್ರ ಇರುತ್ತವೆ. ಈ ಅಂತರ ದೋಷವಲ್ಲ. ಕಂಪ್ರೆಶನ್ ಮತ್ತು ಕ್ಯಾಶ್ ಎಷ್ಟು ಉಪಯೋಗಕ್ಕೆ ಬರುತ್ತಿವೆ ಎಂಬುದರ ಅಳತೆ ಅದು, ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗದ್ದು.

ಒಂದೇ ಕೈಯ ಜೋಡಣೆಯಲ್ಲಿ ಚಿತ್ರ ಪೂರ್ತಿ ಬದಲಾಗುತ್ತದೆ. ಕೋರಿಕೆ ಬರುವುದೂ, ಸರ್ವರಿಗೆ ಹೋಗುವುದೂ, ಉತ್ತರ ಮರಳುವುದೂ, ಬಳಕೆದಾರರಿಗೆ ಹೊರಡುವುದೂ ಒಂದೇ ಇಂಟರ್‌ಫೇಸಿನಲ್ಲಿ. 'ಒಳಕ್ಕೆ' ಎಂಬ ಕೌಂಟರಿನಲ್ಲಿ ಕೋರಿಕೆಯೂ ಉತ್ತರವೂ ಸೇರಿವೆ. 'ಹೊರಕ್ಕೆ' ಎಂಬುದರಲ್ಲಿಯೂ ಅಷ್ಟೆ. ಎರಡು ಗೆರೆಗಳೂ ಒಂದರ ಮೇಲೊಂದು ಕೂತಿರುತ್ತವೆ. ಸಾಮಾನ್ಯ ಜಾಲತಾಣದಲ್ಲಿ ಕೋರಿಕೆ ಚಿಕ್ಕದು, ಉತ್ತರ ದೊಡ್ಡದು. ಗೆರೆಗಳು ದೂರದೂರ ಇರಬೇಕು. ಅವು ಅಂಟಿಕೊಂಡಿವೆಯೆಂದರೆ ಜೋಡಣೆ ಒಂದೇ ಕೈಯದು ಎಂದು, ನಕ್ಷೆಯನ್ನು ತೆರೆಯದೆಯೇ ಊಹಿಸಬಹುದು.

ಮೂರನೆಯದು ನೇರ ಮರಳಿಕೆಯ ವಿಧಾನ. ಸರ್ವರ್ ತನ್ನ ಉತ್ತರವನ್ನು ಲೋಡ್ ಬ್ಯಾಲೆನ್ಸರ್ ಮೂಲಕ ಕಳಿಸದೆ ನೇರವಾಗಿ ಬಳಕೆದಾರರಿಗೆ ಕಳಿಸುತ್ತದೆ. ವೆನ್ಸಾಂಗ್ ಜಾಂಗ್ 1998ರಲ್ಲಿ ಆರಂಭಿಸಿದ ಲಿನಕ್ಸ್ ವರ್ಚುವಲ್ ಸರ್ವರ್ ಯೋಜನೆಯ 'ಡೈರೆಕ್ಟ್ ರೂಟಿಂಗ್' ಇದಕ್ಕೆ ಪ್ರಸಿದ್ಧ ಉದಾಹರಣೆ. ಭಾರವಾದ ಉತ್ತರಗಳು ಪಕ್ಕದ ದಾರಿ ಹಿಡಿಯುವುದರಿಂದ ಚಿಕ್ಕ ಯಂತ್ರವೂ ದೊಡ್ಡ ಜಾಲತಾಣವನ್ನು ನಿಭಾಯಿಸಬಲ್ಲದು. ಆದರೆ ಅದರ ಎಸ್‌ಎನ್‌ಎಂಪಿ ಕೌಂಟರ್ ನೋಡಿ ಜಾಲತಾಣದ ಬ್ಯಾಂಡ್‌ವಿಡ್ತ್ ಅಂದಾಜಿಸಿದರೆ ಸಿಗುವುದು ಕೋರಿಕೆಗಳ ಲೆಕ್ಕ ಮಾತ್ರ. ಇಲ್ಲಿ ಸರ್ವರ್‌ಗಳ ಇಂಟರ್‌ಫೇಸನ್ನೋ ಮೇಲಿನ ರೂಟರನ್ನೋ ಓದದೆ ಬೇರೆ ದಾರಿಯಿಲ್ಲ.

ವಿಂಡೋಸ್ ಸರ್ವರ್‌ನೊಳಗಿನ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸಿಂಗ್ ಇದಕ್ಕೆ ವಿರುದ್ಧವಾದ ತಪ್ಪಿಗೆ ದಾರಿ ಮಾಡುತ್ತದೆ. ಅಲ್ಲಿ ಪ್ರತ್ಯೇಕ ಸಾಧನವೇ ಇಲ್ಲ. ಒಳಬರುವ ಪ್ರತಿ ಪ್ಯಾಕೆಟ್ಟೂ ಗುಂಪಿನ ಎಲ್ಲ ಸರ್ವರ್‌ಗಳನ್ನು ತಲುಪುತ್ತದೆ. ತನ್ನದಲ್ಲದ್ದನ್ನು ಪ್ರತಿ ಸರ್ವರೂ ಒಳಗೇ ಕೈಬಿಡುತ್ತದೆ. ನಾಲ್ಕು ಸರ್ವರ್‌ಗಳ ನೆಟ್‌ವರ್ಕ್ ಕಾರ್ಡಿನ ಒಳಬರುವ ಲೆಕ್ಕವನ್ನು ಕೂಡಿಸಿದರೆ ನಿಜದ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ಹೊರಹೋಗುವುದನ್ನು ಮಾತ್ರ ಕೂಡಿಸುವುದು ಸರಿ.

ಇಂಟರ್‌ಫೇಸಿನ ಆಚೆಗೆ

ಒಂದು ಲೋಡ್ ಬ್ಯಾಲೆನ್ಸರ್ ಹಿಂದೆ ಹತ್ತಾರು ಸೇವೆಗಳಿರುತ್ತವೆ. ಇಂಟರ್‌ಫೇಸ್ ಕೌಂಟರ್ ಒಟ್ಟು ಭಾರ ಹೇಳುತ್ತದೆ, ಯಾವ ಸೇವೆಯಿಂದ ಎಷ್ಟು ಎಂದು ಹೇಳದು. ಅದಕ್ಕೆ ತಯಾರಕರು ತಮ್ಮದೇ ಎಂಐಬಿಗಳನ್ನು, ಅಂದರೆ ಓಐಡಿಗಳ ಪಟ್ಟಿಗಳನ್ನು, ಕೊಡುತ್ತಾರೆ. ಎಲ್ಲವೂ 1.3.6.1.4.1 ಎಂಬ ಕೊಂಬೆಯ ಕೆಳಗೆ: ಎಫ್5ಗೆ 3375, ನೆಟ್‌ಸ್ಕೇಲರ್‌ಗೆ 5951.

ಎಫ್5 ಬಿಗ್-ಐಪಿಯಲ್ಲಿ ಪ್ರತಿ ವರ್ಚುವಲ್ ಸರ್ವರಿಗೂ, ಅಂದರೆ ಹೊರಗೆ ತೋರುವ ಪ್ರತಿ ಸೇವೆಗೂ, ಬಳಕೆದಾರರ ಬದಿಯಿಂದ ಬಂದ ಮತ್ತು ಅತ್ತ ಹೋದ ಬೈಟುಗಳ 64 ಬಿಟ್ ಕೌಂಟರ್‌ಗಳಿವೆ. ಅದರ ಹಿಂದಿನ ಸರ್ವರ್ ಗುಂಪಿನ, ಅಂದರೆ ಪೂಲಿನ, ಪ್ರತಿ ಸದಸ್ಯನಿಗೆ ಸರ್ವರ್ ಬದಿಯ ಕೌಂಟರ್‌ಗಳಿವೆ. ಇವುಗಳ ಸೂಚಿ ಇಂಟರ್‌ಫೇಸ್ ಸಂಖ್ಯೆಯಲ್ಲ, ವರ್ಚುವಲ್ ಸರ್ವರಿನ ಹೆಸರೇ. ಹೆಸರಿನ ಪ್ರತಿ ಅಕ್ಷರವೂ ಅಂಕಿಯಾಗಿ ಓಐಡಿಯ ಬಾಲದಲ್ಲಿ ಬರುತ್ತದೆ. ನೋಡಲು ಉದ್ದ, ಆದರೆ ದೊಡ್ಡ ಅನುಕೂಲವಿದೆ: ಸಾಧನ ಮರುಚಾಲನೆಯಾದರೂ ಸೂಚಿ ಬದಲಾಗದು. ಇಂಟರ್‌ಫೇಸ್ ಸಂಖ್ಯೆಗೆ ಆ ಭರವಸೆಯಿಲ್ಲ. ಹಾಗಾಗಿ ಅಲ್ಲಿ ಸಂಖ್ಯೆಯನ್ನು ನಂಬುವ ಬದಲು ಇಂಟರ್‌ಫೇಸಿನ ಹೆಸರು ಹೇಳುವ ಇಫ್‌ನೇಮ್ ಓದಿ ಹೊಂದಿಸಿಕೊಳ್ಳಬೇಕು. ಮೇಲ್ವಿಚಾರಣಾ ತಂತ್ರಾಂಶಗಳಲ್ಲಿ ಇದಕ್ಕೆ ಅವಕಾಶವಿರುತ್ತದೆ, ಬಳಸುವವರು ಕಡಿಮೆ.

ನೂರಾರು ವರ್ಚುವಲ್ ಸರ್ವರ್‌ಗಳ ಪಟ್ಟಿಯನ್ನು ಪೂರ್ತಿ ಓದಿಸುವುದು ಸಾಧನದ ಪ್ರೊಸೆಸರಿಗೆ ಭಾರ. ಬೇಕಾದ ಸಾಲುಗಳನ್ನಷ್ಟೇ ಕೇಳುವುದು, ಎರಡನೆಯ ಆವೃತ್ತಿಯಲ್ಲಿ ಬಂದ ಗೆಟ್‌ಬಲ್ಕ್ ಬಳಸಿ ಪ್ರಶ್ನೆಗಳ ಸಂಖ್ಯೆ ತಗ್ಗಿಸುವುದು ಒಳ್ಳೆಯದು.

ಸರಾಸರಿ ಮುಚ್ಚಿಡುವ ಸಂಗತಿ

5 ನಿಮಿಷದ ಸರಾಸರಿ ತಿಂಗಳ ಯೋಜನೆಗೆ ಸಾಕು, ತೊಂದರೆಯ ಮೂಲ ಹುಡುಕಲು ಸಾಲದು. ಗಿಗಾಬಿಟ್ ಕೊಂಡಿ 30 ಸೆಕೆಂಡು ಪೂರ್ತಿ ತುಂಬಿ, ಉಳಿದ ನಾಲ್ಕೂವರೆ ನಿಮಿಷ ಖಾಲಿಯಿದ್ದರೆ ಗ್ರಾಫ್ ತೋರಿಸುವುದು 100 ಮೆಗಾಬಿಟ್. ಆ 30 ಸೆಕೆಂಡಿನಲ್ಲಿ ಬಳಕೆದಾರರು ಕಂಡ ಖಾಲಿ ಪರದೆಯ ಸುಳಿವೂ ಅದರಲ್ಲಿಲ್ಲ. ಲೋಡ್ ಬ್ಯಾಲೆನ್ಸರ್ ಮೇಲೆ 30 ಅಥವಾ 60 ಸೆಕೆಂಡಿಗೊಮ್ಮೆ ಓದುವುದು ಹೆಚ್ಚು ಸರಿಯೆಂದು ನನ್ನ ಅಭಿಪ್ರಾಯ. ಇನ್ನೂ ಕಡಿಮೆ ಅಂತರಕ್ಕೆ ಇಳಿದರೆ ಬೇರೊಂದು ತೊಡಕು: ಹಲವು ಏಜೆಂಟ್‌ಗಳು ಕೌಂಟರ್‌ಗಳನ್ನು ಕೆಲವು ಸೆಕೆಂಡಿಗೊಮ್ಮೆ ಮಾತ್ರ ಹೊಸದಾಗಿಸುತ್ತವೆ. ಅದಕ್ಕಿಂತ ಬೇಗ ಕೇಳಿದರೆ ಒಮ್ಮೆ ಸೊನ್ನೆ, ಒಮ್ಮೆ ದುಪ್ಪಟ್ಟು ಬರುತ್ತದೆ. ಅತಿ ಸಣ್ಣ ಉಬ್ಬರಗಳನ್ನು ಹಿಡಿಯಲು, ಕೈಬಿಟ್ಟ ಪ್ಯಾಕೆಟ್ಟುಗಳನ್ನು ಎಣಿಸುವ ಡಿಸ್ಕಾರ್ಡ್ ಕೌಂಟರ್‌ಗಳನ್ನು ನೋಡಬೇಕು. ಸರಾಸರಿ ಕಡಿಮೆಯಿದ್ದೂ ಹೊರಹೋಗುವ ಡಿಸ್ಕಾರ್ಡ್ ಏರುತ್ತಿದ್ದರೆ ಕ್ಷಣಮಾತ್ರದ ದಟ್ಟಣೆ ಇದೆಯೆಂದೇ ಅರ್ಥ.

ಬಿಲ್ಲಿನ ಲೆಕ್ಕ ಬೇರೆ. ಅಂತರಜಾಲ ಸಂಪರ್ಕ ಕೊಡುವ ಹಲವರು 5 ನಿಮಿಷದ ಮಾದರಿಗಳಲ್ಲಿ ಮೇಲಿನ ಶೇ. 5ನ್ನು ಬಿಟ್ಟು ಉಳಿದವುಗಳಲ್ಲಿ ದೊಡ್ಡದಕ್ಕೆ ಹಣ ಕೇಳುತ್ತಾರೆ. 30 ದಿನದ ತಿಂಗಳಿಗೆ 8,640 ಮಾದರಿ. ಅದರಲ್ಲಿ 432, ಅಂದರೆ 36 ಗಂಟೆಯಷ್ಟು, ಲೆಕ್ಕಕ್ಕಿಲ್ಲ. ಅವರು ಓದುವುದು ಅವರ ಸ್ವಿಚ್ಚಿನ ಪೋರ್ಟನ್ನು. ನಿಮ್ಮ ವರ್ಚುವಲ್ ಸರ್ವರಿನ ಅಂಕಿಯೊಂದಿಗೆ ಅದು ತಾಳೆಯಾಗಲಿಲ್ಲವೆಂದು ಜಗಳಕ್ಕಿಳಿಯುವ ಮೊದಲು ಎರಡೂ ಎಲ್ಲೆಲ್ಲಿ ಎಣಿಸುತ್ತಿವೆ ಎಂದು ನೋಡಿ.

ಜೋಡಿ ಯಂತ್ರಗಳು, ಗಗನಕ್ಕೇರುವ ಗೆರೆ

ಲೋಡ್ ಬ್ಯಾಲೆನ್ಸರ್‌ಗಳನ್ನು ಸಾಮಾನ್ಯವಾಗಿ ಜೋಡಿಯಾಗಿ ಇಡುತ್ತಾರೆ. ಒಂದು ಕೆಡುತ್ತಲೇ ಇನ್ನೊಂದು ಅದರ ತೇಲುವ ಐಪಿ ವಿಳಾಸವನ್ನು ವಹಿಸಿಕೊಳ್ಳುತ್ತದೆ. ಕೌಂಟರ್‌ಗಳು ಮಾತ್ರ ಕೈ ಬದಲಾಯಿಸುವುದಿಲ್ಲ; ಪ್ರತಿ ಯಂತ್ರದ್ದು ಅದರದೇ. ತೇಲುವ ವಿಳಾಸಕ್ಕೆ ಎಸ್‌ಎನ್‌ಎಂಪಿ ಪ್ರಶ್ನೆ ಕಳಿಸುತ್ತಿದ್ದರೆ, ಯಂತ್ರ ಬದಲಾದ ಕ್ಷಣ ಅಂಕಿ ಲಕ್ಷ ಕೋಟಿಗಳಿಂದ ಕೆಲವು ಕೋಟಿಗೆ ಬೀಳುತ್ತದೆ. ಕೌಂಟರ್ ಸುತ್ತು ಮುಗಿಸಿತೆಂದು ಭಾವಿಸಿದ ತಂತ್ರಾಂಶ ದೊಡ್ಡ ಸಂಖ್ಯೆಯೊಂದನ್ನು ಕೂಡಿಸಿಬಿಡುತ್ತದೆ. ಯಾವ ಕೊಂಡಿಯೂ ಹೊರಲಾರದ ಎತ್ತರಕ್ಕೆ ಗೆರೆ ಜಿಗಿಯುತ್ತದೆ, ಉಳಿದ ತಿಂಗಳ ಗ್ರಾಫ್ ಅದರ ಮುಂದೆ ನೆಲಕ್ಕಂಟುತ್ತದೆ. ಎರಡು ಯಂತ್ರಗಳನ್ನೂ ಅವುಗಳ ಸ್ವಂತ ನಿರ್ವಹಣಾ ವಿಳಾಸದಲ್ಲಿ ಓದಿ, ವೇಗ ಲೆಕ್ಕ ಹಾಕಿದ ಮೇಲೆ ಕೂಡಿಸಬೇಕು. ಅಂಕಿಗಳನ್ನು ಕೂಡಿಟ್ಟು ಗ್ರಾಫ್ ಬಿಡಿಸುವ ಆರ್‌ಆರ್‌ಡಿಟೂಲ್ ಬಳಸುವವರು ಕೌಂಟರ್ ಬಗೆಯ ಬದಲು ಡಿರೈವ್ ಬಗೆಯನ್ನು ಕನಿಷ್ಠ ಮಿತಿ ಸೊನ್ನೆಯೊಂದಿಗೆ ಆರಿಸಿದರೆ ಇಂಥ ಹುಸಿ ಶಿಖರಗಳು ಏಳುವುದಿಲ್ಲ.

ಶೇಕಡಾ ಎಷ್ಟು, ಯಾವುದರಲ್ಲಿ?

ಬಳಕೆಯನ್ನು ಶೇಕಡಾವಾರು ಹೇಳುವಾಗ ಭಾಜಕ ಸರಿಯಿರಬೇಕು. ಪೋರ್ಟಿನ ವೇಗ ಹೇಳುವ ಹಳೆಯ ಇಫ್‌ಸ್ಪೀಡ್ 32 ಬಿಟ್‌ನದು. 10 ಗಿಗಾಬಿಟ್ ಪೋರ್ಟನ್ನೂ 4.29 ಗಿಗಾಬಿಟ್ ಎಂದೇ ಹೇಳುತ್ತದೆ. ಮೆಗಾಬಿಟ್ ಲೆಕ್ಕದ ಇಫ್‌ಹೈಸ್ಪೀಡ್ ಬಳಸಬೇಕು. ಎರಡೂ ದಿಕ್ಕಿಗೆ ಪೂರ್ಣ ವೇಗವಿರುವ ಕೊಂಡಿಯಲ್ಲಿ ಒಳಕ್ಕೆ, ಹೊರಕ್ಕೆ ಇವೆರಡರಲ್ಲಿ ದೊಡ್ಡದನ್ನು ಭಾಗಿಸಬೇಕೇ ಹೊರತು ಮೊತ್ತವನ್ನಲ್ಲ.

ಲೋಡ್ ಬ್ಯಾಲೆನ್ಸರಿಗೆ ಇನ್ನೊಂದು ಮಿತಿಯಿದೆ, ಅದು ಪೋರ್ಟಿನಲ್ಲಿ ಕಾಣುವುದಿಲ್ಲ: ಲೈಸೆನ್ಸ್. ಬಿಗ್-ಐಪಿ ಮತ್ತು ನೆಟ್‌ಸ್ಕೇಲರ್‌ಗಳ ವರ್ಚುವಲ್ ಆವೃತ್ತಿಗಳು 200 ಮೆಗಾಬಿಟ್, 1 ಗಿಗಾಬಿಟ್ ಹೀಗೆ ವೇಗದ ಮಟ್ಟಗಳಲ್ಲಿ ಮಾರಾಟವಾಗುತ್ತವೆ. ಪೋರ್ಟು 10 ಗಿಗಾಬಿಟ್‌ನದು, ಲೈಸೆನ್ಸ್ 1 ಗಿಗಾಬಿಟ್‌ನದು ಆಗಿದ್ದರೆ, ಗ್ರಾಫ್ ಶೇ. 10 ಎನ್ನುವಾಗಲೇ ಸಾಧನ ತನ್ನ ಮಿತಿ ಮುಟ್ಟಿರುತ್ತದೆ. ಎಚ್ಚರಿಕೆಯ ಮಟ್ಟವನ್ನು ಲೈಸೆನ್ಸಿಗೆ ಕಟ್ಟಬೇಕು.

ಸಣ್ಣ ಪ್ಯಾಕೆಟ್ಟುಗಳ ವಿಷಯವೂ ಇದೆ. ಈಥರ್ನೆಟ್‌ನಲ್ಲಿ ಪ್ರತಿ ಚೌಕಟ್ಟಿನ ಮುಂದಿನ ಪ್ರಿಯಾಂಬಲ್ ಮತ್ತು ನಡುವಿನ ಖಾಲಿ ಜಾಗ ಸೇರಿ 20 ಬೈಟಿನಷ್ಟು ಕಾಲ ಹೋಗುತ್ತದೆ, ಕೌಂಟರ್ ಅದನ್ನು ಎಣಿಸದು. 64 ಬೈಟಿನ ಪ್ಯಾಕೆಟ್ಟುಗಳಿಂದಲೇ ತುಂಬಿದ ಗಿಗಾಬಿಟ್ ಕೊಂಡಿ ಸುಮಾರು 762 ಮೆಗಾಬಿಟ್ ತೋರಿಸುತ್ತದೆ, ಆದರೂ ಅದರಲ್ಲಿ ಇನ್ನೊಂದು ಪ್ಯಾಕೆಟ್ಟಿಗೆ ಜಾಗವಿಲ್ಲ.

ಓದುವ ಕೀಲಿ ಯಾರ ಕೈಯಲ್ಲಿ?

ಎರಡನೆಯ ಆವೃತ್ತಿಯಲ್ಲಿ ಓದುವ ಅನುಮತಿಗೆ ಬಳಸುವ ಕಮ್ಯುನಿಟಿ ಪದ ಜಾಲದ ಮೇಲೆ ಬರಿಗಣ್ಣಿಗೆ ಕಾಣುವಂತೆ ಸಾಗುತ್ತದೆ. 'ಪಬ್ಲಿಕ್' ಎಂಬ ಮೂಲಪದವನ್ನೇ ಬಿಟ್ಟಿರುವ ಸಾಧನಗಳು ಇಂದಿಗೂ ಇವೆ. ಅಂಥವನ್ನು ಸುಳ್ಳು ವಿಳಾಸದಿಂದ ಪ್ರಶ್ನಿಸಿ, ದೊಡ್ಡ ಉತ್ತರಗಳನ್ನು ಮೂರನೆಯವರ ಮೇಲೆ ಸುರಿಸುವ ದಾಳಿಗಳೂ ನಡೆದಿವೆ. ಗುಪ್ತಪದ ಮತ್ತು ಗೂಢಲಿಪಿ ಎರಡೂ ಇರುವ ಮೂರನೆಯ ಆವೃತ್ತಿಯನ್ನೇ ಬಳಸಿ. ನಿರ್ವಹಣಾ ಜಾಲದ ಒಂದೆರಡು ವಿಳಾಸಗಳಿಗೆ ಮಾತ್ರ ಓದುವ ಅನುಮತಿ ಕೊಡಿ. ಬರೆಯುವ ಅನುಮತಿ ಯಾರಿಗೂ ಬೇಡ.

ಕ್ಲೌಡ್‌ನಲ್ಲಿ

ಅಮೆಜಾನ್ 2017ರಲ್ಲಿ ತಂದ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರ್‌ಗೆ ಎಸ್‌ಎನ್‌ಎಂಪಿ ಇಲ್ಲ. ಅಮೆಜಾನಿನದೇ ಮೇಲ್ವಿಚಾರಣಾ ಸೇವೆಯಾದ ಕ್ಲೌಡ್‌ವಾಚ್‌ನ ಪ್ರೊಸೆಸ್ಡ್‌ಬೈಟ್ಸ್ ಎಂಬ ಅಳತೆಯನ್ನು ಓದಬೇಕು. ಅದು ಕೌಂಟರಲ್ಲ, ಆಯಾ ಅವಧಿಯ ಮೊತ್ತ. ವ್ಯತ್ಯಾಸ ತೆಗೆಯುವ ಅಗತ್ಯವಿಲ್ಲ, 8ರಿಂದ ಗುಣಿಸಿ 60ರಿಂದ ಭಾಗಿಸಿದರೆ ಆ ನಿಮಿಷದ ಸರಾಸರಿ ವೇಗ. ಎರಡೂ ದಿಕ್ಕಿನ ಬೈಟುಗಳು ಅದರಲ್ಲಿ ಸೇರಿವೆ.

ನಂಬುವ ಮೊದಲು ಒಂದು ಪರೀಕ್ಷೆ

ಯಾವ ಕೌಂಟರ್ ಏನನ್ನು ಎಣಿಸುತ್ತಿದೆ ಎಂದು ತಿಳಿಯಲು ಕೈಪಿಡಿಗಿಂತ ಒಂದು ಸಣ್ಣ ಪ್ರಯೋಗ ಮೇಲು. ಟ್ರಾಫಿಕ್ ಇಲ್ಲದ ಹೊತ್ತಿನಲ್ಲಿ ಎಲ್ಲ ಕೌಂಟರ್‌ಗಳನ್ನು ಓದಿಟ್ಟುಕೊಂಡು, ಲೋಡ್ ಬ್ಯಾಲೆನ್ಸರ್ ಮೂಲಕ ಸರಿಯಾಗಿ 1 ಗಿಗಾಬೈಟ್‌ನ ಕಡತವೊಂದನ್ನು ಇಳಿಸಿಕೊಂಡು, ಮತ್ತೆ ಓದಿ. ಕಡತ ಈಗಾಗಲೇ ಕುಗ್ಗಿಸಿದ್ದಾಗಿರಲಿ, ಕ್ಯಾಶ್‌ನಲ್ಲಿ ಇರದಂಥದ್ದಾಗಿರಲಿ. ಎರಡು ಕೈಗಳ ಜೋಡಣೆಯಾಗಿದ್ದರೆ ಸರ್ವರ್ ಬದಿಯ 'ಒಳಕ್ಕೆ', ಬಳಕೆದಾರರ ಬದಿಯ 'ಹೊರಕ್ಕೆ' ಎರಡೂ ಹೆಡರ್‌ಗಳು ಸೇರಿ 1.04 ಗಿಗಾಬೈಟಿನ ಆಸುಪಾಸು ಏರಿರುತ್ತವೆ. ಒಂದೇ ಕೈಯದಾಗಿದ್ದರೆ ಅದೇ ಇಂಟರ್‌ಫೇಸಿನ ಎರಡು ಕೌಂಟರ್‌ಗಳೂ ಅಷ್ಟಷ್ಟು ಏರುತ್ತವೆ. ನೇರ ಮರಳಿಕೆಯಾಗಿದ್ದರೆ ಏರಿಕೆ ಅತ್ಯಲ್ಪ. ಸೇವೆ ಜನರ ಬಳಕೆಗೆ ತೆರೆಯುವ ಮೊದಲೇ ಇದನ್ನು ಮಾಡಿ, ಯಾವ ಬದಿ, ಯಾವ ಕೌಂಟರ್, ಎಷ್ಟು ಸೆಕೆಂಡಿಗೊಮ್ಮೆ ಎಂಬುದನ್ನು ಗ್ರಾಫಿನ ಶೀರ್ಷಿಕೆಯಲ್ಲೇ ಬರೆದಿಡಿ.